ನಮ್ಮ ಶಾಲೆಯ ಗಂಟೆ ಮತ್ತು ಮಣ್ಣು ಹೆರೆಯುವ ಯಂತ್ರ

ಮಕ್ಕಳೇ, ನಮ್ಮ ಶಾಲೆಯ ಜಗುಲಿಯಲ್ಲಿ ತೂಗುಹಾಕಿರುವ ಗಂಟೆ ಗಂಟೆಯೇ ಅಲ್ಲ. ಅದು ಒಂದು ಮೊಳ ಉದ್ದದ ದಪ್ಪ ಉಕ್ಕಿನ ಪಟ್ಟಿ. ಒಂದು ಅಂಚು ಸವೆದು ಚಾಕುವಿನ ಹಾಗಿದೆ, ಇನ್ನೊಂದು ಅಂಚಿನಲ್ಲಿ ಬೋಲ್ಟಿನ ತೂತುಗಳಿವೆ. ಎಲ್ಲ ಕಡೆ ರೈಲು ಕಂಬಿಯ ತುಂಡು ಕಟ್ಟಿರುತ್ತಾರಲ್ಲ, ನಮ್ಮದು ಯಾಕೆ ಹೀಗಿದೆ ಅಂತ ಎಂಟನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ನನಗೂ ಗೊತ್ತಿರಲಿಲ್ಲ. ಹಳೇ ಮೇಷ್ಟ್ರನ್ನು ವಿಚಾರಿಸಿದಾಗ, ಅದನ್ನು ಕೊಟ್ಟವರು ಮಸಿನಗುಡಿಯ ಒಬ್ಬ ತಾತ, ಈಗಲೂ ಇದ್ದಾರೆ ಎಂದು ತಿಳಿಯಿತು. ನಮ್ಮ ಊರು ಗಡಿಯ ಪಕ್ಕದ್ದು. ತೆಪ್ಪಕಾಡು, ಮಸಿನಗುಡಿ, ಗೂಡಲೂರಿನಲ್ಲಿ ನೆಂಟರಿಲ್ಲದ ಮನೆ ಇಲ್ಲಿ ಕಡಿಮೆ. ಒಂದು ಶನಿವಾರ ಹತ್ತು ಮಕ್ಕಳನ್ನು ಕರೆದುಕೊಂಡು ಹೋದೆವು.

ತಾತ ನಮ್ಮನ್ನು ನೋಡಿದ ಕೂಡಲೇ ಕೂಗಿ ಹೇಳಿದ್ದು: "ಮೇಷ್ಟ್ರೇ, ಜೋರಾಗಿ ಮಾತಾಡ್ಬೇಕು. ಈ ಕಿವಿನ ಸ್ಕ್ರೇಪರ್ ತಿಂದ್ಬಿಡ್ತು!" ಮಕ್ಕಳು ನಕ್ಕರು. ತಾತನೂ ನಕ್ಕರು. ಆ ಮಾತಿನ ಅರ್ಥಕ್ಕೆ ಆಮೇಲೆ ಬರೋಣ.

ಸ್ಕ್ರೇಪರ್ ಅಂದರೇನು? ಇವತ್ತು ಮಣ್ಣಿನ ಕೆಲಸ ಅಂದರೆ ನಿಮ್ಮ ಕಣ್ಣಿಗೆ ಬರುವುದು ಜೆಸಿಬಿ ಮತ್ತು ಟಿಪ್ಪರ್. ಒಂದು ಅಗೆದು ತುಂಬುತ್ತದೆ, ಇನ್ನೊಂದು ಹೊತ್ತು ಸುರಿಯುತ್ತದೆ. ಸುರಿದದ್ದನ್ನು ಹರಡಲು ಮತ್ತೊಂದು ಯಂತ್ರ ಬೇಕು. ಸ್ಕ್ರೇಪರ್ ಈ ನಾಲ್ಕೂ ಕೆಲಸವನ್ನು ಒಂದೇ ಓಟದಲ್ಲಿ ಮಾಡುವ ಯಂತ್ರ: ಹೆರೆಯುವುದು, ತುಂಬಿಕೊಳ್ಳುವುದು, ಸಾಗಿಸುವುದು, ತೆಳುವಾಗಿ ಹರಡುವುದು. ಬಡಗಿಯ ಉಜ್ಜುಗೊರಡು ನೋಡಿದ್ದೀರಲ್ಲ? ಮರದ ಮೇಲೆ ತಳ್ಳಿದರೆ ಕೆಳಗಿನ ಉಳಿ ತೆಳು ಸಿಪ್ಪೆ ತೆಗೆಯುತ್ತದೆ, ಸಿಪ್ಪೆ ಮೇಲಿನ ಸಂದಿಗೆ ಸುರುಳಿಯಾಗಿ ಬರುತ್ತದೆ. ಅದೇ ಗೊರಡನ್ನು ಲಾರಿಯಷ್ಟು ದೊಡ್ಡದು ಮಾಡಿ, ಸಿಪ್ಪೆ ಬೀಳುವ ಜಾಗದಲ್ಲಿ ಒಂದು ಕಬ್ಬಿಣದ ತೊಟ್ಟಿ ಇಟ್ಟರೆ ಅದು ಸ್ಕ್ರೇಪರ್. ನಮ್ಮ ಶಾಲೆಯ ಗಂಟೆ ಆ ಗೊರಡಿನ ಉಳಿ, ಅಂದರೆ ಕಟಿಂಗ್ ಎಡ್ಜ್. ಒಂದು ಅಂಚು ಸವೆದರೆ ಬೋಲ್ಟ್ ಬಿಚ್ಚಿ ಹೊಸದು ಹಾಕುತ್ತಿದ್ದರು. ಮಣ್ಣಿನಲ್ಲಿ ಸವೆಯಬಾರದು ಅಂತ ಮಾಡಿದ ಗಡಸು ಉಕ್ಕು ಅದು. ಅದಕ್ಕೇ ಹೊಡೆದರೆ ಅಷ್ಟು ಚೆನ್ನಾಗಿ ಮೊಳಗುತ್ತದೆ.

ಈ ಯೋಚನೆ ಹಳೆಯದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೇಮ್ಸ್ ಪೋರ್ಟಿಯಸ್ ಎಂಬಾತ ಕುದುರೆಗಳು ಎಳೆಯುವ ಫ್ರೆಸ್ನೊ ಸ್ಕ್ರೇಪರ್‌ಗೆ 1883ರಲ್ಲಿ ಪೇಟೆಂಟ್ ಪಡೆದ. ನಮ್ಮ ಗದ್ದೆಗಳಲ್ಲಿ ಎತ್ತು ಕಟ್ಟಿ ಮಣ್ಣು ಗೋರುವ ಹಲಗೆಗೆ ಅದು ದೂರದ ಅಣ್ಣ ಅನ್ನಬಹುದು. ಆಮೇಲೆ ಅದನ್ನು ಟ್ರಾಕ್ಟರಿಗೆ ಕಟ್ಟಿ ದೊಡ್ಡದಾಗಿಸಿದವರಲ್ಲಿ ಮುಖ್ಯನಾದವನು ಆರ್. ಜಿ. ಲೆಟೂರ್ನೊ (1888–1969). ಕಬ್ಬಿಣದ ಚಕ್ರ ತೆಗೆದು ಗಾಳಿ ತುಂಬಿದ ರಬ್ಬರ್ ಟೈರ್ ಹಾಕಿದ್ದು ಅವನ ದೊಡ್ಡ ಹೆಜ್ಜೆಗಳಲ್ಲಿ ಒಂದು. ಹದಿನಾಲ್ಕರ ಸುಮಾರಿಗೇ ಶಾಲೆ ಬಿಟ್ಟವನು ಇವನು. ಇದನ್ನು ಓದಿ ನೀವೂ ಬಿಡಬೇಡಿ ಮತ್ತೆ! ಕೊನೆಗೆ ಅವನ ಹೆಸರಿನಲ್ಲಿ ನೂರಾರು ಪೇಟೆಂಟುಗಳಿದ್ದವು. 1938ರ ಹೊತ್ತಿಗೆ ಟ್ರಾಕ್ಟರೂ ಸ್ಕ್ರೇಪರೂ ಒಂದೇ ಆಗಿ ರಬ್ಬರ್ ಚಕ್ರಗಳ ಮೇಲೆ ಓಡುವ ಯಂತ್ರವೂ ಬಂತು. ನಮ್ಮ ನಾಡಿನಲ್ಲಿ ಭಾರೀ ಮಣ್ಣಿನ ಯಂತ್ರಗಳಿಗಾಗಿಯೇ ಬೆಂಗಳೂರಿನಲ್ಲಿ 1964ರಲ್ಲಿ ಭಾರತ್ ಅರ್ತ್ ಮೂವರ್ಸ್, ಅಂದರೆ ಬಿಇಎಂಎಲ್, ಶುರುವಾಯಿತು. ಕೋಲಾರದ ಕೆಜಿಎಫ್‌ನಲ್ಲಿ ಅದರ ಕಾರ್ಖಾನೆ ಇದೆ.

ತಾತ ಓಡಿಸಿದ್ದು ಟೈರಿನ ಯಂತ್ರ ಅಲ್ಲ. ಮುಂದೆ ಸರಪಳಿ ಪಟ್ಟಿಯ ಕ್ಯಾಟರ್‌ಪಿಲ್ಲರ್ ಡಿ8 ಟ್ರಾಕ್ಟರ್, ಹಿಂದೆ ನಾಲ್ಕು ಟೈರಿನ ಸ್ಕ್ರೇಪರ್. ಮೈಸೂರು ಸೀಮೆಯ ಒಂದು ಮಣ್ಣಿನ ಅಣೆಕಟ್ಟೆ ಕೆಲಸಕ್ಕೆ ಹೆಲ್ಪರ್ ಆಗಿ ಸೇರಿ, ಮೂರು ವರ್ಷಕ್ಕೆ ಆಪರೇಟರ್ ಆದರಂತೆ. "ಬೆಳಗ್ಗೆ ಅದನ್ನ ಎಬ್ಬಿಸೋದೇ ಒಂದು ಕೆಲ್ಸ" ಎಂದರು. ಆ ಹಳೇ ಡೀಸೆಲ್ ಎಂಜಿನ್ನಿಗೆ ಈಗಿನ ಹಾಗೆ ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುವ ಏರ್ಪಾಡು ಇರಲಿಲ್ಲ. ಪಕ್ಕದಲ್ಲಿ ಎರಡು ಸಿಲಿಂಡರಿನ ಒಂದು ಪುಟ್ಟ ಪೆಟ್ರೋಲ್ ಎಂಜಿನ್ ಇರುತ್ತಿತ್ತು. ಮೊದಲು ಅದನ್ನು ಎಬ್ಬಿಸಬೇಕು. ಅದು ದೊಡ್ಡ ಎಂಜಿನ್ನನ್ನು ತಿರುಗಿಸುತ್ತಾ ಬಿಸಿ ಮಾಡಬೇಕು, ಆಮೇಲೆ ಡೀಸೆಲ್ ಬಿಡಬೇಕು. ಯಾಕೆ ಗೊತ್ತೇ? ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಜೋರಾಗಿ ಒತ್ತಿದಾಗ ಹುಟ್ಟುವ ಬಿಸಿಯಿಂದಲೇ ಡೀಸೆಲ್ ಹೊತ್ತಿಕೊಳ್ಳಬೇಕು. ಚಳಿಯಲ್ಲಿ ತಣ್ಣಗಿರುವ ಕಬ್ಬಿಣ ಆ ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ. ಸೈಕಲ್ ಪಂಪಿನ ತುದಿ ಬೆರಳಲ್ಲಿ ಒತ್ತಿ ಹಿಡಿದು ನಾಲ್ಕು ಸಲ ಗಾಳಿ ಹೊಡೆದು ನೋಡಿ, ಪಂಪಿನ ಬುಡ ಬೆಚ್ಚಗಾಗುವುದು ಕೈಗೇ ತಿಳಿಯುತ್ತದೆ.

ಈಗ ಯಂತ್ರದ ಹೊಟ್ಟೆಗೆ ಬರೋಣ. ಮಣ್ಣು ತುಂಬುವ ತೊಟ್ಟಿಗೆ ಬೌಲ್ ಎನ್ನುತ್ತಾರೆ. ಅದರ ಮುಂದಿನ ಕೆಳ ಅಂಚಿಗೆ ಕಟಿಂಗ್ ಎಡ್ಜ್. ಬೌಲಿನ ಮುಂಬಾಗಿಲಿನ ಹಾಗೆ ಮೇಲೆ ಕೆಳಗೆ ಆಡುವುದು ಏಪ್ರನ್. ಹಿಂದಿನ ಗೋಡೆ ಮುಂದಕ್ಕೆ ಸರಿದು ಮಣ್ಣನ್ನು ಹೊರದಬ್ಬುತ್ತದೆ, ಅದು ಎಜೆಕ್ಟರ್. ಈ ಮೂರನ್ನೂ ಆಡಿಸುವುದು ಉಕ್ಕಿನ ಹಗ್ಗ. ಟ್ರಾಕ್ಟರಿನ ಬೆನ್ನಿಗೆ ಎರಡು ಡ್ರಮ್ಮಿನ ಕೇಬಲ್ ಪೆಟ್ಟಿಗೆ, ಆಪರೇಟರ್ ಕೈಗೆ ಎರಡು ಲಿವರ್. ಒಂದು ಬೌಲನ್ನು ಎತ್ತಿ ಇಳಿಸಲು. ಇನ್ನೊಂದು ಲಿವರಿನ ಹಗ್ಗ ಮೊದಲು ಏಪ್ರನ್ನನ್ನು ಎತ್ತುತ್ತದೆ, ಇನ್ನೂ ಎಳೆದರೆ ಎಜೆಕ್ಟರನ್ನು ಮುಂದಕ್ಕೆ ತರುತ್ತದೆ.

ಏಳನೇ ತರಗತಿಯವರು ಇಲ್ಲಿ ಗಮನಿಸಿ. ಹಗ್ಗ ನೇರವಾಗಿ ಬೌಲಿಗೆ ಹೋಗುವುದಿಲ್ಲ, ರಾಟೆಗಳ ಮೇಲೆ ಸುತ್ತಿ ಸುತ್ತಿ ಹೋಗುತ್ತದೆ. ನಾಲ್ಕು ಎಳೆ ಹಗ್ಗ ಬೌಲನ್ನು ಹಿಡಿದಿದೆ ಅಂದುಕೊಳ್ಳಿ. ಎತ್ತಬೇಕಾದ ಭಾರ 8 ಟನ್ ಆದರೆ, ಘರ್ಷಣೆ ಬಿಟ್ಟು ಲೆಕ್ಕ ಹಾಕಿದಾಗ, ಒಂದೊಂದು ಎಳೆಗೆ ಬರುವುದು 2 ಟನ್. ಆದರೆ ಬಿಟ್ಟಿ ಏನೂ ಸಿಗುವುದಿಲ್ಲ. ಬೌಲು 30 ಸೆಂ.ಮೀ. ಏರಬೇಕಾದರೆ ಡ್ರಮ್ಮು 120 ಸೆಂ.ಮೀ. ಹಗ್ಗ ಸುತ್ತಬೇಕು. ಬಲ ಕಾಲು ಭಾಗ, ದೂರ ನಾಲ್ಕು ಪಟ್ಟು. ಬಾವಿ ರಾಟೆಯಲ್ಲಿ ಒಂದೇ ಎಳೆ ಇರುವುದರಿಂದ ಬಲ ಕಡಿಮೆಯಾಗುವುದಿಲ್ಲ, ಎಳೆಯುವ ದಿಕ್ಕು ಮಾತ್ರ ಬದಲಾಗುತ್ತದೆ. ಪರೀಕ್ಷೆಯಲ್ಲಿ ಇದನ್ನು ತುಂಬಾ ಜನ ತಪ್ಪು ಬರೆಯುತ್ತೀರಿ. ಮುಂದೆ ಬಂದ ಯಂತ್ರಗಳಲ್ಲಿ ಹಗ್ಗದ ಬದಲು ಎಣ್ಣೆಯ ಒತ್ತಡದ ಸಿಲಿಂಡರುಗಳು ಬಂದವು. ಅಲ್ಲಿ ಪಾಸ್ಕಲನ ನಿಯಮ ಕೆಲಸ ಮಾಡುತ್ತದೆ.

"ಹಗ್ಗದ ಯಂತ್ರಕ್ಕೆ ಒಂದು ಕೊರತೆ ಇತ್ತು ಕಣ್ರಪ್ಪ" ಎಂದರು ತಾತ. "ಹಗ್ಗ ಎಳೀಬಲ್ಲದು, ಒತ್ತಲಾರದು." ನಾನು ವಿಜ್ಞಾನ ಪಾಠ ಮಾಡುತ್ತಾ ಇಷ್ಟು ವರ್ಷವಾದರೂ ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ. ಕೇಬಲ್ ಬಿಟ್ಟರೆ ಬೌಲು ತನ್ನ ಭಾರದಿಂದಲೇ ನೆಲಕ್ಕೆ ಕಚ್ಚಬೇಕು. ಗಟ್ಟಿ ನೆಲವಾದರೆ ಅಂಚು ಮೇಲೆಮೇಲೆ ಜಾರಿಕೊಂಡು ಹೋಗುತ್ತದೆ. ಆಗ ಮೊದಲೇ ನೆಲ ಉತ್ತು ಸಡಿಲ ಮಾಡಬೇಕು. ಎಣ್ಣೆಯ ಸಿಲಿಂಡರ್ ಎಳೆಯಲೂ ಬಲ್ಲದು, ಒತ್ತಲೂ ಬಲ್ಲದು.

ಮಣ್ಣು ತುಂಬುವುದರಲ್ಲೇ ಆಪರೇಟರ್ ಜಾಣತನ ಗೊತ್ತಾಗುವುದು. ಬೌಲನ್ನು ಒಂದು ಗೇಣಿಗಿಂತ ಕಡಿಮೆ ಆಳಕ್ಕೆ ಇಳಿಸಿ, ಏಪ್ರನ್ನನ್ನು ಅರ್ಧ ತೆರೆದು, ಮೊದಲ ಗೇರಿನಲ್ಲಿ ನಿಧಾನವಾಗಿ ಹೋಗಬೇಕು. ಆಳ ಹೆಚ್ಚಾದರೆ ಟ್ರಾಕ್ಟರ್ ನಿಂತಲ್ಲೇ ಪಟ್ಟಿ ತಿರುಗಿಸುತ್ತದೆ. ಶುರುವಿನಲ್ಲಿ ಮಣ್ಣು ಸಲೀಸಾಗಿ ಒಳಗೆ ಬರುತ್ತದೆ. ಕೊನೆಯ ಕಾಲುಭಾಗವೇ ಕಷ್ಟ, ಏಕೆಂದರೆ ಹೊಸ ಮಣ್ಣು ಒಳಗಿರುವ ಮಣ್ಣನ್ನು ಸೀಳಿಕೊಂಡು ಮೇಲೇರಬೇಕು. ಆಗ ಹಿಂದಿನಿಂದ ಇನ್ನೊಂದು ಟ್ರಾಕ್ಟರ್ ಬಂದು ತಳ್ಳುತ್ತಿತ್ತು. ತಳ್ಳುವವನು ಡಿಕ್ಕಿ ಹೊಡೆಯದೆ ಮೆತ್ತಗೆ ಬಂದು ಸೇರಬೇಕು. ಇಬ್ಬರೂ ಒಬ್ಬರನ್ನೊಬ್ಬರು ನೋಡುವ ಹಾಗಿಲ್ಲ, ಸದ್ದಿನಲ್ಲಿ ಕೂಗಿದರೆ ಕೇಳಿಸುವುದಿಲ್ಲ. ಮುಂದಿನ ಎಂಜಿನ್ನಿನ ಸದ್ದು ಬದಲಾಗುವುದನ್ನು ಕೇಳಿಯೇ ತಿಳಿಯಬೇಕು ಅಂತ ತಾತ ವಿವರಿಸಿದರು.

ಇನ್ನೊಂದು ಉಪಾಯ ಇಳಿಜಾರು. ಮಣ್ಣು ತುಂಬುವುದು ಯಾವಾಗಲೂ ಇಳಿಜಾರಿನಲ್ಲಿ ಕೆಳಮುಖವಾಗಿ. ಲೆಕ್ಕ ನೋಡಿ: ಟ್ರಾಕ್ಟರ್, ಸ್ಕ್ರೇಪರ್, ಮಣ್ಣು ಎಲ್ಲ ಸೇರಿ 50 ಟನ್ ಇರಲಿ. 100 ಮೀಟರ್‌ಗೆ 10 ಮೀಟರ್ ಇಳಿಯುವ ಜಾಡಿನಲ್ಲಿ ಭಾರದ ಹತ್ತನೇ ಒಂದು ಪಾಲು, ಅಂದರೆ ಸುಮಾರು 5 ಟನ್ ಭಾರಕ್ಕೆ ಸಮವಾದ ಎಳೆತ, ಭೂಮಿಯೇ ಕೊಡುತ್ತದೆ. ಅದೇ ಜಾಡನ್ನು ಹತ್ತಬೇಕಾದರೆ ಅಷ್ಟೇ ಬಲ ಎದುರಾಗುತ್ತದೆ. ಇಳಿಯುವುದಕ್ಕೂ ಹತ್ತುವುದಕ್ಕೂ ವ್ಯತ್ಯಾಸ 10 ಟನ್! ಕಲ್ಲಟ್ಟಿ ಘಾಟಿಯಲ್ಲಿ ಊಟಿಗೆ ಹತ್ತುವ ಬಸ್ಸನ್ನೂ ಇಳಿಯುವ ಬಸ್ಸನ್ನೂ ನೆನಪಿಸಿಕೊಳ್ಳಿ. ಸ್ಕ್ರೇಪರಿಗೆ ಹದವಾದ ಇಳಿಜಾರು ಬೇಕು, ಕಡಿದಾದ ಬೆಟ್ಟ ಆಗದು. ಅಡ್ಡ ಇಳಿಜಾರಿನಲ್ಲಿ ಬೌಲು ಎತ್ತಿಕೊಂಡು ಹೋದರೆ ಗುರುತ್ವಕೇಂದ್ರ ಮೇಲೇರಿ ಗಾಡಿ ಮಗುಚುತ್ತದೆ. ತುಂಬಿದ ಬೌಲನ್ನು ನೆಲಕ್ಕೆ ತಾಗದಷ್ಟು ಮಾತ್ರ ಎತ್ತಿ ಓಡಿಸಬೇಕೆಂಬುದು ಅದಕ್ಕೇ.

ಈಗ ಮಣ್ಣಿನ ಲೆಕ್ಕ. ಗುಂಡಿ ತೋಡಿ ಅದೇ ಮಣ್ಣನ್ನು ವಾಪಸು ತುಂಬಿದರೆ ಮಣ್ಣು ಮಿಗುತ್ತದೆ. ಯಾಕೆ? ಅಗೆದಾಗ ಕಣಗಳ ನಡುವೆ ಗಾಳಿ ಸೇರುತ್ತದೆ. ಸಾಮಾನ್ಯ ಮಣ್ಣು ನೆಲದಲ್ಲಿ 1 ಘನ ಮೀಟರ್ ಇದ್ದದ್ದು ಅಗೆದಾಗ ಸುಮಾರು 1.25 ಆಗುತ್ತದೆ. ಅದನ್ನೇ ಚೆನ್ನಾಗಿ ದಮ್ಮಸ್ಸು ಮಾಡಿದರೆ ಸುಮಾರು 0.9ಕ್ಕೆ ಇಳಿಯುತ್ತದೆ, ಅಂದರೆ ಮೊದಲಿದ್ದದ್ದಕ್ಕಿಂತಲೂ ಕಡಿಮೆ! ಹಾಗಾದರೆ 12 ಘನ ಮೀಟರ್ ಹಿಡಿಯುವ ಬೌಲಿನಲ್ಲಿ ನೆಲದ ಲೆಕ್ಕದಲ್ಲಿ ಇರುವುದು 9.6, ಏರಿಯಲ್ಲಿ ಉಳಿಯುವುದು 8.64 ಘನ ಮೀಟರ್. ಹಿಂದೆ ಕೆರೆ ಏರಿ ಕಟ್ಟುವ ಮಣ್ಣಿನ ಕೆಲಸದವರಿಗೆ ಕೂಲಿ ಅಳೆಯುವಾಗ ಏರಿಯನ್ನು ಅಳೆಯದೆ, ಮಣ್ಣು ತೆಗೆದ ಗುಂಡಿಯನ್ನು ಅಳೆಯುತ್ತಿದ್ದರು. ಮೊದಲಿನ ನೆಲ ಎಷ್ಟು ಎತ್ತರವಿತ್ತು ಎಂಬುದಕ್ಕೆ ಸಾಕ್ಷಿಯಾಗಿ ಗುಂಡಿಯ ನಡುವೆ ಅಲ್ಲಲ್ಲಿ ಮಣ್ಣಿನ ಕಂಬಗಳನ್ನು ಅಗೆಯದೆ ಬಿಡುತ್ತಿದ್ದರು. ಉಬ್ಬುವ ಕುಗ್ಗುವ ಮಣ್ಣಿನ ಜಗಳ ಬೇಡ ಅಂತ.

ನಮ್ಮ ಮೋಯಾರ್ ಹೊಳೆ ಮಸಿನಗುಡಿಯ ಕೆಳಗಿನ ಕಮರಿಯಲ್ಲಿ ಇಳಿದು, ತೆಂಗುಮರಹಾಡ ದಾಟಿ, ಕೊನೆಗೆ ಸೇರುವುದು ಭವಾನಿಸಾಗರಕ್ಕೆ. 1948ರಲ್ಲಿ ಶುರುವಾಗಿ 1955ರಲ್ಲಿ ಮುಗಿದ ಆ ಅಣೆಕಟ್ಟೆಯ ಉದ್ದ ಸುಮಾರು 8.8 ಕಿ.ಮೀ. ನಡುವಿನ ಕಲ್ಲಿನ ಭಾಗ ಬಿಟ್ಟರೆ ಮಿಕ್ಕದ್ದೆಲ್ಲ ಮಣ್ಣಿನ ಏರಿ. ಮಣ್ಣಿನ ಅಣೆಕಟ್ಟೆ ಅಂದರೆ ಎಷ್ಟು ಮಣ್ಣು ಎಂಬುದು ತಿಳಿಯಲು ನಾವು ಬೋರ್ಡಿನ ಮೇಲೆ ಒಂದು ಕಲ್ಪನೆಯ ಏರಿ ಕಟ್ಟಿದೆವು. ಎತ್ತರ 20 ಮೀಟರ್, ಮೇಲಿನ ಅಗಲ 6 ಮೀಟರ್, ಬುಡದ ಅಗಲ 96 ಮೀಟರ್, ಉದ್ದ 1 ಕಿ.ಮೀ. ಅಡ್ಡ ಕೊಯ್ದರೆ ತ್ರಾಪಿಜ್ಯ. ವಿಸ್ತೀರ್ಣ (6+96)÷2×20 = 1,020 ಚದರ ಮೀಟರ್. ಒಂದು ಕಿಲೋಮೀಟರಿಗೆ 10,20,000 ಘನ ಮೀಟರ್. ಇದನ್ನು 8.64ರಿಂದ ಭಾಗಿಸಿದರೆ ಸ್ಕ್ರೇಪರಿನ ಸುಮಾರು 1,18,000 ಓಟ. ಒಂದು ಬಾಂಡ್ಲಿಯಲ್ಲಿ 15 ಲೀಟರ್ ಮಣ್ಣು ಅಂತ ಹಿಡಿದರೆ, ಒಂದು ಬೌಲಿಗೆ 800 ಬಾಂಡ್ಲಿ! ಒಟ್ಟು ಎಷ್ಟು ಬಾಂಡ್ಲಿ ಆಗುತ್ತದೆ, ನೀವೇ ಗುಣಿಸಿ. ಆ ಬಾಂಡ್ಲಿಗಳನ್ನು ತಲೆಯ ಮೇಲೆ ಹೊತ್ತವರು ಬಹುಪಾಲು ಹೆಂಗಸರು. "ಸ್ಕ್ರೇಪರ್ ಹೋಗ್ದಿರೋ ಮೂಲೇಲೆಲ್ಲ ಅವ್ರೇ ಹೊತ್ತಿದ್ದು. ನಮ್ಮ ಯಂತ್ರದ ಫೋಟೋ ತೆಗೆಯೋರು, ಅವ್ರದ್ದು ಯಾರೂ ತೆಗೀಲಿಲ್ಲ" ಎಂದರು ತಾತ.

ಮಣ್ಣನ್ನು ತಂದು ಸುರಿದರೆ ಏರಿ ಆಗುವುದಿಲ್ಲ. ಸ್ಕ್ರೇಪರ್ ಅದನ್ನು ಒಂದು ಗೇಣಿನಷ್ಟು ದಪ್ಪದ ಪದರವಾಗಿ ಹರಡಬೇಕು. ನೀರು ಚಿಮುಕಿಸಬೇಕು. ಮುಳ್ಳುಮುಳ್ಳಾದ ಕುರಿಗಾಲು ರೋಲರ್ ಹಾಯಬೇಕು. ಆಮೇಲೆ ಮುಂದಿನ ಪದರ. ನೀರು ಎಷ್ಟು? ಇದನ್ನು ವಿಜ್ಞಾನದ ಲೆಕ್ಕಕ್ಕೆ ತಂದವರು ಅಮೆರಿಕದ ಎಂಜಿನಿಯರ್ ಪ್ರಾಕ್ಟರ್, 1933ರಲ್ಲಿ. ನೀರು ಕಡಿಮೆಯಾದರೆ ಕಣಗಳು ಒಂದರ ಮೇಲೊಂದು ಜಾರುವುದಿಲ್ಲ. ಹೆಚ್ಚಾದರೆ ಕಣ ಕೂರಬೇಕಾದ ಜಾಗದಲ್ಲಿ ನೀರೇ ಕೂತುಬಿಡುತ್ತದೆ. ನಡುವೆ ಒಂದು ಹದ ಇದೆ. ತಾತನಿಗೆ ಪ್ರಾಕ್ಟರ್ ಹೆಸರು ಗೊತ್ತಿಲ್ಲ. ಅಂಗಳದ ಮಣ್ಣು ಹಿಡಿಯಷ್ಟು ತೆಗೆದು ಉಂಡೆ ಕಟ್ಟಿ, ಎದೆಯ ಎತ್ತರದಿಂದ ಬಿಟ್ಟು ತೋರಿಸಿದರು. ಪುಡಿಪುಡಿಯಾದರೆ ಒಣಗಿದೆ, ಚಪ್ಪಟೆಯಾಗಿ ಅಂಟಿದರೆ ನೀರು ಜಾಸ್ತಿ, ಎರಡು ಮೂರು ತುಂಡಾದರೆ ಹದ.

ಈ ಹದದ ಮಾತು ನಮ್ಮ ಜಿಲ್ಲೆಗೆ ಬರಿಯ ಪಾಠವಲ್ಲ. 2009ರ ನವೆಂಬರ್ ಮಳೆಯಲ್ಲಿ ನೀಲಗಿರಿಯ ಗುಡ್ಡಗಳು ಕುಸಿದು 40ಕ್ಕೂ ಹೆಚ್ಚು ಜನ ಸತ್ತರು. ಕುಸಿತಕ್ಕೆ ಮಳೆ, ಮಣ್ಣಿನ ಬಗೆ, ಇಳಿಜಾರು ಹೀಗೆ ಹಲವು ಕಾರಣ. ಆದರೆ ಮನೆಗೋ ದಾರಿಗೋ ಅಂತ ಗುಡ್ಡದ ಬುಡ ಕಡಿದು, ಕಡಿದ ಮಣ್ಣನ್ನು ದಮ್ಮಸ್ಸಿಲ್ಲದೆ ಕೆಳಗಿನ ಇಳಿಜಾರಿಗೆ ತಳ್ಳಿದರೆ ಏನಾಗುತ್ತದೆ ಎಂಬುದನ್ನು ಈಗ ನೀವೇ ಹೇಳಬಲ್ಲಿರಿ. ಸಡಿಲ ಮಣ್ಣಿನ ಸಂದಿಗಳಲ್ಲಿ ನೀರು ತುಂಬುತ್ತದೆ, ಭಾರ ಹೆಚ್ಚುತ್ತದೆ, ಕಣಗಳ ಹಿಡಿತ ತಪ್ಪುತ್ತದೆ. ಬೆಟ್ಟದಲ್ಲಿ ಮಣ್ಣಿನ ಯಂತ್ರ ಇಳಿಸಲು ಜಿಲ್ಲಾಡಳಿತದ ಅನುಮತಿ ಬೇಕು ಅನ್ನುವುದು ಸುಮ್ಮನೆ ಅಲ್ಲ. ಒಂದು ಗಂಟೆಯಲ್ಲಿ ಕಡಿಯುವ ಯಂತ್ರ ಎಲ್ಲರ ಕೈಗೂ ಬಂತು, ಪದರ ಪದರವಾಗಿ ತುಂಬುವ ತಾಳ್ಮೆ ಮಾತ್ರ ಸ್ಕ್ರೇಪರಿನ ಜೊತೆ ಹೊರಟುಹೋಯಿತು ಅಂತ ನನಗೆ ಅನಿಸುತ್ತದೆ.

ತಾತನ ಕಿವಿಗೆ ಬರೋಣ. ಸುಮಾರು 85 ಡೆಸಿಬೆಲ್‌ಗಿಂತ ಹೆಚ್ಚಿನ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಯಂತೆ ವರ್ಷಗಟ್ಟಲೆ ಕಳೆದರೆ ಒಳಕಿವಿಯ ಸೂಕ್ಷ್ಮ ಕೂದಲಿನ ಕೋಶಗಳು ಸಾಯುತ್ತವೆ. ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಚಾವಣಿಯೂ ಇಲ್ಲದ ಆ ಟ್ರಾಕ್ಟರಿನ ಸೀಟಿನಲ್ಲಿ ಸದ್ದು ಆ ಮಿತಿಯನ್ನು ಮೀರುತ್ತಿತ್ತು. ಕಿವಿಗೆ ಹತ್ತಿ ಸಿಕ್ಕಿಸಿಕೊಂಡವರನ್ನು ನೋಡಿ ಜೊತೆಯವರು ನಗುತ್ತಿದ್ದರಂತೆ. ಮೊದಲು ಹೋಗುವುದು ತಾರಕದ ಸದ್ದು: ಹಕ್ಕಿಯ ಕೂಗು, ಮಕ್ಕಳ ಮಾತು. "ಮೊಮ್ಮಗಳು ಕರದ್ರೆ ಕೇಳ್ಸಲ್ಲ, ಲಾರಿ ಬಂದ್ರೆ ಕೇಳುತ್ತೆ" ಎಂದರು. ಬರುವಾಗ ನಕ್ಕಿದ್ದ ಹುಡುಗ ಆಮೇಲೆ ಅವರ ಪಕ್ಕಕ್ಕೇ ಹೋಗಿ ಕೂತ.

ಇನ್ನೊಂದನ್ನೂ ಹೇಳಿದರು. ಕೇಬಲ್ ಬದಲಿಸುವಾಗ ಅವರ ಜೊತೆಗಾರನೊಬ್ಬ ಹಗ್ಗವನ್ನು ಕೈಯಲ್ಲಿ ಹಿಡಿದು ರಾಟೆಗೆ ದಾರಿ ತೋರಿಸುತ್ತಿದ್ದ. ಸವೆದ ಹಗ್ಗದಿಂದ ಎದ್ದು ನಿಂತ ತಂತಿ ಅವನ ಕೈಚೀಲಕ್ಕೆ ಸಿಕ್ಕಿಕೊಂಡು, ಕೈಯನ್ನೂ ರಾಟೆಗೆ ಎಳೆದುಕೊಂಡಿತು. ಎರಡು ಬೆರಳು ಹೋದವು. ಮೂರನೇ ದಿನ ಆ ಜಾಗಕ್ಕೆ ಹೊಸ ಹೆಲ್ಪರ್ ಬಂದ. ಎತ್ತಿದ ಬೌಲಿನ ಕೆಳಗೆ ಮರದ ದಿಮ್ಮಿ ಕೊಡದೆ ಯಾರೂ ಕೈ ಹಾಕಬಾರದು, ಓಡುವ ಹಗ್ಗವನ್ನು ಮುಟ್ಟಬಾರದು ಅಂತ ತಾತ ಮುಂದೆ ತಮ್ಮ ಪ್ರತಿಯೊಬ್ಬ ಹೆಲ್ಪರಿಗೂ ಮೊದಲ ದಿನವೇ ಹೇಳುತ್ತಿದ್ದರಂತೆ.

ಶಾಲೆಗೆ ಬಂದು ನಾವು ಮಾಡಿದ ಪ್ರಯೋಗವನ್ನು ನೀವೂ ಮಾಡಿ. ಒಂದೇ ಜಾಗದ ಮಣ್ಣನ್ನು ಜರಡಿ ಹಿಡಿದು, ಎರಡು ಮೂರು ದಿನ ಬಿಸಿಲಲ್ಲಿ ಒಣಗಿಸಿ, 2 ಕೆ.ಜಿ.ಯ ಐದು ಪಾಲು ಮಾಡಿ. ಕ್ರಮವಾಗಿ 160, 240, 320, 400, 480 ಮಿ.ಲೀ. ನೀರು ಕಲಸಿ. ಇದು 8, 12, 16, 20, 24 ಶೇಕಡ. ಒಂದು ಲೀಟರ್ ಹಿಡಿಯುವ ಗಟ್ಟಿ ಡಬ್ಬಿಯಲ್ಲಿ ಮೂರು ಪದರವಾಗಿ ತುಂಬಿ. ಪ್ರತಿ ಪದರಕ್ಕೂ ಒಂದೇ ಒನಕೆ ತುಂಡನ್ನು ಒಂದೇ ಎತ್ತರದಿಂದ 25 ಸಲ ಬಿಡಿ, ಕೈಯಿಂದ ಒತ್ತಬೇಡಿ. ಮೇಲೆ ಪಟ್ಟಿಯಿಂದ ಸಮ ಮಾಡಿ ತೂಗಿ, ಡಬ್ಬಿಯ ತೂಕ ಕಳೆಯಿರಿ. ಈಗ ಮುಖ್ಯವಾದ ಹೆಜ್ಜೆ: ಆ ತೂಕದಲ್ಲಿ ನೀರೂ ಸೇರಿದೆ. ಒಣ ಮಣ್ಣು ಎಷ್ಟಿದೆ ಎಂಬುದಕ್ಕೆ ಶೇಕಡ 16 ನೀರಾದರೆ 1.16ರಿಂದ, 20 ಆದರೆ 1.20ರಿಂದ ಭಾಗಿಸಿ.

ನಮ್ಮ ಮಕ್ಕಳಿಗೆ ಶೇಕಡ 16ರಲ್ಲಿ 1,920 ಗ್ರಾಂ, ಶೇಕಡ 20ರಲ್ಲಿ 1,940 ಗ್ರಾಂ ಬಂತು. ಎರಡನೆಯದೇ ಹೆಚ್ಚು ಗಟ್ಟಿ ಅಂತ ಎಲ್ಲರೂ ಕೂಗಿದರು. ಭಾಗಿಸಿ ನೋಡಿದರೆ ಮೊದಲನೆಯದರಲ್ಲಿ ಒಣ ಮಣ್ಣು 1,655 ಗ್ರಾಂ, ಎರಡನೆಯದರಲ್ಲಿ 1,617. ಹೆಚ್ಚಾದ ತೂಕ ನೀರಿನದು! ಐದೂ ಬಿಂದುಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿದಾಗ ಗುಡ್ಡದ ಆಕಾರ ಬಂತು. ಗುಡ್ಡದ ನೆತ್ತಿ ಹದದ ಜಾಗ. ಅದೇ ಹದದ ಮಣ್ಣಿನಿಂದ ತಾತನ ಹಾಗೆ ಉಂಡೆ ಕಟ್ಟಿ ಬಿಟ್ಟೆವು. ಮೂರು ತುಂಡಾಯಿತು. ನಿಮ್ಮ ಊರಿನ ಮಣ್ಣಿಗೆ ನೆತ್ತಿ ಬೇರೆ ಕಡೆ ಬರಬಹುದು. ಚಹಾ ತೋಟದ ಮಣ್ಣು, ಹೊಳೆ ದಂಡೆಯ ಮರಳುಮಣ್ಣು, ಗದ್ದೆಯ ಜೇಡಿ ಮೂರನ್ನೂ ಮಾಡಿ, ಮೂರು ಗೆರೆಗಳನ್ನೂ ಒಂದೇ ಹಾಳೆಯಲ್ಲಿ ಬೇರೆ ಬೇರೆ ಬಣ್ಣದಲ್ಲಿ ಎಳೆದು ಸಂಘದ ವಿಳಾಸಕ್ಕೆ ಕಳಿಸಿ.